ಯಾರೂ ಕೇಳದ ಬಸ್ಸುಗಳು

ನಮ್ಮ ಭಾಷೆ ನಿಧಾನ ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅತ್ತಿಗೆ ಮತ್ತು ನಾನು ಹನ್ನೊಂದು ವರ್ಷ ಕೂತು ಕಟ್ಟಿದ ಪ್ರೋಗ್ರಾಮಿಂಗ್ ಭಾಷೆ ಅದು. ಅದರಲ್ಲಿ ಎಲ್ಲವೂ ಒಂದೊಂದು ವಸ್ತು. ಬಸ್ಸಿಗೆ ‘ಮುಂದೆ ಹೋಗು’ ಎಂದರೆ ಬಸ್ಸು ತನ್ನ ರೀತಿಯಲ್ಲಿ ಹೋಗುತ್ತದೆ, ಲಾರಿ ತನ್ನ ರೀತಿಯಲ್ಲಿ. ತೊಂದರೆ ಏನೆಂದರೆ, ಪ್ರತಿ ಸಲವೂ ಕಂಪ್ಯೂಟರು ‘ನೀನು ಯಾರಪ್ಪ, ಬಸ್ಸೋ ಲಾರಿಯೋ’ ಎಂದು ವಿಚಾರಿಸಿಕೊಂಡೇ ಮುಂದುವರಿಯಬೇಕು. ಕೋಟಿ ಸಲ ವಿಚಾರಿಸಿದರೆ ಹೊತ್ತು ಹಿಡಿಯದೆ ಇನ್ನೇನು?

ಬಸ್ ಡಿಪೊದ ಮ್ಯಾನೇಜರ್ ಮೇಡಂಗೆ ಅದೆಲ್ಲ ಬೇಕಿರಲಿಲ್ಲ. ಊರಿನ ಒಂದು ದಿನದ ಓಡಾಟವನ್ನು ಹತ್ತು ಸೆಕೆಂಡಿನೊಳಗೆ ಲೆಕ್ಕ ಹಾಕಿ ತೋರಿಸಬೇಕು, ಇಲ್ಲದಿದ್ದರೆ ಬೇರೆಯವರ ಭಾಷೆಗೆ ಹೋಗುತ್ತೇನೆ ಎಂದಿದ್ದರು. ನಮ್ಮ ಭಾಷೆಯನ್ನು ಬಳಸುತ್ತಿದ್ದವರು ಅವರೊಬ್ಬರೇ. ಅವರು ಹೋದರೆ ಬಾಗಿಲು ಹಾಕಿಕೊಂಡು ಮನೆಗೆ ಹೋಗುವುದೇ. ನಮ್ಮದು ನಲವತ್ತು ಸೆಕೆಂಡು ತಿನ್ನುತ್ತಿತ್ತು.

ಅತ್ತಿಗೆ ಒಂದು ಉಪಾಯ ಹೂಡಿದರು. ಪ್ರೋಗ್ರಾಂ ಓಡುತ್ತಿರುವಾಗಲೇ ನಮ್ಮ ಭಾಷೆಯೇ ಅದರ ಮೇಲೆ ಕಣ್ಣಿಡುವುದು. ಒಂದು ಜಾಗಕ್ಕೆ ಬರೀ ಬಸ್ಸುಗಳೇ ಬರುತ್ತಿದ್ದರೆ, ಬಸ್ಸಿಗೆಂದೇ ಯಂತ್ರದ ಆದೇಶಗಳನ್ನು ಆಗಿಂದಾಗಲೇ ಬಿಸಿಬಿಸಿಯಾಗಿ ಬರೆದು ಹಾಕುವುದು. ಅಪ್ಪಿತಪ್ಪಿ ಲಾರಿ ಬಂದರೆ ಮತ್ತೆ ಹಳೆಯ ದಾರಿ. ಯಾರಿಗೂ ಬೇಡದ ಕೆಲಸ ಕಂಡರೆ ಅದನ್ನು ಕಿತ್ತೆಸೆಯುವುದು.

ಕೊನೆಯ ಸಾಲು ಸೇರಿಸುವಷ್ಟರಲ್ಲಿ ಮೇಡಂ ಬಂದು ಕುರ್ಚಿ ಎಳೆದುಕೊಂಡರು. ನಾನು ಗುಂಡಿ ಒತ್ತಿದೆ. ಒತ್ತಿದ ಬೆರಳು ಮೇಲೇಳುವ ಮೊದಲೇ ಮುಗಿದಿತ್ತು. ಸೆಕೆಂಡಿನ ನೂರರಲ್ಲೊಂದು ಪಾಲು.

ನಾನು ಕುರ್ಚಿಯ ಮೇಲೆ ಹತ್ತಿ ನಿಂತೆ. ಅತ್ತಿಗೆ ನನ್ನ ಕೈ ಹಿಡಿದು ಗಿರ್ರನೆ ತಿರುಗಿಸಿದರು. ಕೀಬೋರ್ಡು ನೆಲಕ್ಕೆ ಬಿತ್ತು, ಯಾರೂ ಎತ್ತಲಿಲ್ಲ.

“ಕುಣಿದಿದ್ದು ಆಯ್ತಾ?” ಎಂದರು ಮೇಡಂ. “ಹಾಗಾದ್ರೆ ಏಳನೇ ನಂಬರ್ ಬಸ್ಸು ಸಂಜೆ ಎಲ್ಲಿರುತ್ತೆ ಹೇಳಿ.”

ತೆರೆ ಖಾಲಿ. ನಾನು ಕುರ್ಚಿಯಿಂದ ಇಳಿದೆ. ಅತ್ತಿಗೆ ಪ್ರೋಗ್ರಾಂ ನೋಡಿದರು, ನನ್ನನ್ನು ನೋಡಿದರು.

“ಉತ್ತರ ತೋರಿಸೋ ಸಾಲು ಯಾರು ತೆಗೆದಿದ್ದು?”

“ನಾನೇ. ತೋರಿಸೋಕೂ ಟೈಮ್ ಆಗುತ್ತಲ್ಲ ಅಂತ.”

“ಭಲೇ ಮೈದುನ. ಉತ್ತರ ಯಾರಿಗೂ ಬೇಡ ಅಂತ ಅದಕ್ಕೆ ಗೊತ್ತಾಯ್ತು. ಊರಿನ ಅಷ್ಟೂ ಬಸ್ಸು ಕಿತ್ತೆಸೆದು ಕೂತಿದೆ. ಒಂದು ಚಕ್ರನೂ ತಿರುಗಿಲ್ಲ.”

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು, ಅದೂ ನನ್ನ ಮೇಲೆಯೇ, ಬೈಯಲು ಬೇರೆ ಯಾರೂ ಇರಲಿಲ್ಲ. ನೆಲದಲ್ಲೇ ಕೂತು, ಬಿದ್ದ ಕೀಬೋರ್ಡಿನಲ್ಲೇ ಆ ಸಾಲನ್ನು ವಾಪಸ್ ಬರೆದು ಒತ್ತಿದೆ.

ಒಂದು ಸೆಕೆಂಡು, ಎರಡು, ಮೂರು. ಬಸ್ಸುಗಳು ತೆವಳುತ್ತಿದ್ದವು. ನಮ್ಮ ಭಾಷೆ ಇನ್ನೂ ಗಮನಿಸುತ್ತಿತ್ತು. ನಾಲ್ಕಕ್ಕೆ ಅದಕ್ಕೆ ಗುಟ್ಟು ಸಿಕ್ಕಿತು. ಸಾಲುಸಾಲಾಗಿ ಬಸ್ಸುಗಳು ತೆರೆಯ ಮೇಲೆ ಧುಮುಕಿದವು, ಓದಲೂ ಆಗದಷ್ಟು ಜೋರಾಗಿ. ಎಂಟು ಸೆಕೆಂಡಿಗೆ ನಿಂತಿತು. ಏಳನೇ ನಂಬರು ಆಸ್ಪತ್ರೆ ಸ್ಟಾಪಿನಲ್ಲಿತ್ತು.

ಮೇಡಂ ಮೊದಲ ಸಲ ನಕ್ಕರು. “ಯಾರೂ ಕೇಳದಿದ್ರೆ ಕೆಲಸ ಮಾಡದೆ ಕೂರೋರು ನಮ್ಮ ಡಿಪೊದಲ್ಲೂ ಬೇಕಾದಷ್ಟಿದ್ದಾರೆ. ಕೇಳಿದ್ರೆ ಎಂಟೇ ಸೆಕೆಂಡಲ್ಲಿ ಮಾಡೋರು ಒಬ್ಬರೂ ಇಲ್ಲ. ಇದೇ ಇರಲಿ. ಸೋಮವಾರದಿಂದ ನಮ್ಮಲ್ಲೇ ಬಂದು ಕೂತ್ಕೊಳ್ಳಿ, ಇಬ್ಬರೂ.”

ನಾನು ಸುಮ್ಮನಿರಬೇಕಿತ್ತು. “ಐದಕ್ಕೆ ಇಳಿಸ್ತೀನಿ ಬೇಕಾದ್ರೆ” ಎಂದುಬಿಟ್ಟೆ. ಅತ್ತಿಗೆ ನನ್ನ ಕಾಲು ತುಳಿದರು.