ಸೂಜಿಹಕ್ಕಿಯ ಎಣಿಕೆ

ಬೂಟಿನ ಲೇಸು ಮತ್ತೆ ಬಿಚ್ಚಿದೆ, ಬಗ್ಗಿ ಕಟ್ಟುತ್ತಾ ಕೂತರೆ ಕಿವಿಗೊಟ್ಟು ಹಕ್ಕಿ ಎಣಿಸುವ ಐದು ನಿಮಿಷದಲ್ಲಿ ಅರ್ಧ ನಿಮಿಷ ಅದಕ್ಕೇ ಹೋಗುತ್ತದೆ, ಹಾಳಾಗಲಿ, ಹಾಗೇ ಇರಲಿ — ಅವನು ಕೈಗಡಿಯಾರದ ಗುಂಡಿ ಒತ್ತಿ ಏಳನೇ ಗೂಟದ ಪಕ್ಕ ನೆಟ್ಟಗೆ ನಿಂತ, ಇಪ್ಪತ್ತಾರು ವರ್ಷದಿಂದ ನಿಂತ ಹಾಗೆಯೇ, ಎಡಕ್ಕೆ ಕಾಡು, ಬಲಕ್ಕೆ ತಂಗಿಯ ಗಂಡನ ಆಲೂಗಡ್ಡೆ ಹೊಲ, ನಡುವೆ ತಂತಿ ಬೇಲಿ, ಹೊಲದಿಂದ ಹುಳದ ಔಷಧಿಯ ವಾಸನೆ ಬರುತ್ತಿಲ್ಲ, ಬರುವುದಾದರೂ ಹೇಗೆ, ತಾನು ಬರುವ ದಿನ ನೋಡಿಕೊಂಡು ಹೊಡೆಯುವುದನ್ನು ನಿಲ್ಲಿಸಿರುತ್ತಾನೆ, ಕಳ್ಳ, ಇನ್ನೆಷ್ಟು ದಿನ ಈ ಆಟ, ಔಷಧಿಯಿಂದಲೇ ಹಕ್ಕಿ ಕಮ್ಮಿಯಾಗಿವೆ ಎಂಬ ವರದಿ ಮಧ್ಯಾಹ್ನ ಮೇಲಕ್ಕೆ ಹೋದರೆ ಬರುವ ತಿಂಗಳಿನಿಂದ ಕಾಡಿನಂಚಿನ ಅರ್ಧ ಹೊಲ ಬೀಳು, ಉಳುವ ಹಾಗಿಲ್ಲ, ಬಿತ್ತುವ ಹಾಗಿಲ್ಲ. ಅಣ್ಣಾ, ಅವರು ಔಷಧಿ ಬಿಟ್ಟು ಮೂರು ವರ್ಷ ಆಯ್ತು, ನೀನು ಹೇಳಿದ್ದಕ್ಕೇ ಬಿಟ್ಟಿದ್ದು, ಎಂದಿದ್ದಳು ತಂಗಿ, ಆಮೇಲೆ ಮಾತೇ ಬಿಟ್ಟಳು, ಬಿಟ್ಟರೆ ಬಿಡಲಿ, ಗಂಡ ಹೇಳಿದ್ದಕ್ಕೆಲ್ಲ ತಲೆಯಾಡಿಸುವವಳು, ಔಷಧಿ ಬಿಟ್ಟಿದ್ದರೆ ಸೂಜಿಹಕ್ಕಿ ಹೆಚ್ಚಬೇಕಿತ್ತಲ್ಲ, ಹೆಚ್ಚಿತೇ, ಹೋದ ವರ್ಷ ಎರಡು, ಈ ವರ್ಷ ಇಲ್ಲಿಯವರೆಗೆ ಸೊನ್ನೆ, ಲೆಕ್ಕ ಸುಳ್ಳು ಹೇಳುತ್ತದೆಯೇ. ಕಚೇರಿಯಲ್ಲಿ ಇದೆಲ್ಲ ಯಾರಿಗೆ ಬೇಕು, ಕಾಡನ್ನು ಕಿಟಕಿಯಿಂದ ನೋಡಿದ ಸಾಹೇಬರಿಗೆ ಹದ್ದೂ ಒಂದೇ ಕಾಗೆಯೂ ಒಂದೇ, ಇನ್ನು ಅಂಕಿಅಂಶ ನೋಡುವ ಆ ಮಹಾ ಮೇಧಾವಿ, ಕಾಲಿಗೆ ಕೆಸರು ತಾಗಿಸಿಕೊಳ್ಳದವಳು, ಸರ್, ಗೂಟಕ್ಕೊಂದು ರೆಕಾರ್ಡರ್ ಕಟ್ಟಿಬಿಡೋಣ, ನಿಮ್ ಜೊತೆ ಮೆಷಿನ್ನೂ ಕೇಳಿಸಿಕೊಳ್ಳಲಿ ಎಂದಳು ಸಭೆಯಲ್ಲಿ, ಎಲ್ಲರ ಮುಂದೆ, ಈ ಹಕ್ಕಿ ಹೆಬ್ಬೆರಳಿನಷ್ಟು ಇರುತ್ತದಮ್ಮ, ಎಲೆಯ ಮರೆಯಲ್ಲೇ ಬದುಕುತ್ತದೆ, ಕಣ್ಣಿಗೆ ಬೀಳುವುದಿಲ್ಲ, ಸೂಜಿಯಂಥ ದನಿ, ಅದನ್ನು ಹಿಡಿಯಲು ಈ ಕಿವಿ ಸಾಲದೇ ಎಂದು ಅವನು ಕೇಳಿದ್ದ, ಸಾಹೇಬರು ನಕ್ಕರು, ಅವಳು ಮುಖ ಸಣ್ಣ ಮಾಡಿಕೊಂಡು ಕೂತಳು, ಚೆನ್ನಾಗಿಯೇ ಆಯಿತು.

ಬಂದ ನೋಡು, ಹೊಲದ ಯಜಮಾನ, ಬದುವಿನ ಮೇಲೆ ಕೈ ಹಿಂದೆ ಕಟ್ಟಿಕೊಂಡು, ಎಣಿಕೆಯ ಹೊತ್ತಿಗೆ ಸರಿಯಾಗಿ ಕಾಲು ಸಪ್ಪಳ ಮಾಡುತ್ತಾ, ಬೇಲಿಯ ಆಚೆಯೇ ನಿಂತು, ಭಾವ, ನಿಮ್ ಗಡಿಯಾರ ಕೂಗ್ತಾ ಇದೆ ಎಂದ. ಎಲ್ಲಿ ಕೂಗುತ್ತಿದೆ — ಮಣಿಕಟ್ಟು ಎತ್ತಿ ನೋಡಿದರೆ ಐದು ನಿಮಿಷ ಆಗಿ ಮೇಲೆ ಮೂವತ್ತು ಸೆಕೆಂಡು, ಅಗ್ಗದ ಮಾಲು, ಶಬ್ದ ಕೆಟ್ಟಿದೆ, ಈಗಿನ ಸಾಮಾನೆಲ್ಲ ಹೀಗೆಯೇ, ಮೊಮ್ಮಗಳಿಗೆ ಜ್ವರ ಬಂದಾಗಲೂ ಥರ್ಮಾಮೀಟರು ಕಂಕುಳಲ್ಲಿ ಇಟ್ಟು ಇಟ್ಟು ಸಾಕಾಯಿತು, ಕೂಗಲೇ ಇಲ್ಲ, ಎರಡನೆಯದೂ ಕೂಗಲಿಲ್ಲ, ಎರಡನ್ನೂ ಕಸದ ಬುಟ್ಟಿಗೆ ಹಾಕಿದ್ದ, ಹೆಂಡತಿ ಹೆಕ್ಕಿ ತೆಗೆದು ಒರೆಸಿದಳು, ಕೂಗ್ತಾ ಇದೆಯಲ್ರೀ ಎಂದಳು, ನಿನಗೆ ಏನೇನೋ ಕೇಳಿಸುತ್ತೆ ಎಂದು ಪೇಪರು ಎತ್ತಿಕೊಂಡಿದ್ದ. ಖಾನೆಯಲ್ಲಿ ಸೊನ್ನೆ ಬರೆಯಲು ಪೆನ್ಸಿಲು ತೆಗೆದ. ಸೊನ್ನೆ ಯಾಕೆ ಭಾವ, ಅಗೋ ಬೇಲಿ ಕಂಬದ ಮೇಲೇ ಕೂತಿದೆಯಲ್ಲ, ಈ ಸಲ ಮೂರು ಜೋಡಿ ಇವೆ, ಬೆಳಗಾದರೆ ತಲೆ ತಿನ್ತವೆ. ಎಂಥ ನಾಟಕ, ಹೊಲ ಉಳಿಯಲಿ ಎಂದು ಹಕ್ಕಿಯನ್ನೇ ಹುಟ್ಟಿಸುತ್ತಿದ್ದಾನೆ, ದುರ್ಬೀನು ಎತ್ತಿ ಇವನ ಬಾಯಿ ಈಗಲೇ ಮುಚ್ಚಿಸಬೇಕು — ಎತ್ತಿದ, ಕಂಬ, ಕಂಬದ ತುದಿ, ಹಸಿರು ಬೆನ್ನು, ತಲೆಯ ಮೇಲೆ ಹಳದಿ ಗೆರೆ, ಸೂಜಿಹಕ್ಕಿ, ಸಂಶಯವಿಲ್ಲ, ಕೊಕ್ಕು ತೆರೆದಿದೆ, ಗಂಟಲ ಗರಿ ನಡುಗುತ್ತಿದೆ, ಸದ್ದಿಲ್ಲ.

ಗಾಳಿ ಇರಬೇಕು. ಎಲೆ ಅಲುಗುತ್ತಿಲ್ಲ. ಮರಿ ಇರಬೇಕು, ಗುಟುಕಿಗೆ ಬಾಯಿ ತೆರೆಯುತ್ತಿದೆ, ಮರಿಗೆ ಹಳದಿ ಗೆರೆ ಇರುವುದಿಲ್ಲ, ಇದನ್ನು ಹೊಸಬರಿಗೆ ಕಲಿಸಿದವನೇ ಅವನು, ರೋಗ ಇರಬೇಕು, ಔಷಧಿ ತಿಂದು ಗಂಟಲು ಕೆಟ್ಟಿರಬೇಕು, ಎಂಥ ಮಾತು, ಆ ಮೇಧಾವಿ ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು — ಕೊಕ್ಕು ಮುಚ್ಚಿತು, ತೆರೆಯಿತು, ಬಾಲ ಅದುರುವಷ್ಟು ಜೋರಾಗಿ, ಇಪ್ಪತ್ತು ಹೆಜ್ಜೆ ದೂರದಲ್ಲಿ, ಸದ್ದಿಲ್ಲ. ಥರ್ಮಾಮೀಟರು, ಗಡಿಯಾರ, ಈಗ ಇದು, ಎಣಿಕೆಯಿಂದ ಮೊದಲು ದೂರದ ಹಕ್ಕಿಗಳು ಹೋದವು, ಆಮೇಲೆ ಹತ್ತಿರದವು, ವರದಿಯಲ್ಲಿ ವರ್ಷ ವರ್ಷವೂ ಒಂದೊಂದು ಮೆಟ್ಟಿಲು ಇಳಿದ ಗೆರೆ, ಕೈಯಾರೆ ಎಳೆದದ್ದು, ಕೆಂಪು ಶಾಯಿಯಲ್ಲಿ, ಕೆಳಗೆ ಕಾರಣ ಎಂದು ಬರೆದು ತಂಗಿಯ ಗಂಡನ ಹೊಲದ ನಂಬರು ಹಾಕಿದ್ದೂ ಇದೇ ಕೈ, ಔಷಧಿ ಬಿಟ್ಟೆ ಎಂದವನನ್ನು ಎಲ್ಲರೆದುರು ಸುಳ್ಳುಗಾರ ಎಂದಿದ್ದೂ ಇದೇ ಬಾಯಿ, ಅವನ ಮೂರು ಬೆಳೆಗೆ ಹುಳು ಬಿದ್ದಿತ್ತು, ತಂಗಿ ಅತ್ತಿದ್ದಳು, ಅದನ್ನೂ ನಾಟಕ ಎಂದುಕೊಂಡಿದ್ದ. ಕತ್ತೆ. ಇದು ಯಾರಿಗೆ ಹೇಳಿದ್ದೆಂದು ಅವನಿಗೆ ತಕ್ಷಣ ತಿಳಿಯಲಿಲ್ಲ, ತಿಳಿದಾಗ ಕಿವಿ ಬಿಸಿಯಾಯಿತು. ದುರ್ಬೀನು ಇಳಿಸಲು ಆಗುತ್ತಿಲ್ಲ, ಇಳಿಸಿದರೆ ಬೇಲಿಯ ಆಚೆಗಿನ ಮುಖ ನೋಡಬೇಕು. ಈಗ ಕೂಗ್ತಾ ಇದೆಯಾ, ಎಂದು ಕೇಳಿದ, ಇಷ್ಟು ವರ್ಷದಲ್ಲಿ ಆ ಮನುಷ್ಯನನ್ನು ಕೇಳಿದ ಮೊದಲ ಪ್ರಶ್ನೆ. ಕೂಗ್ತಾ ಇದೆ ಭಾವ. ಈಗ? ಈಗಲೂ. ಕೊಕ್ಕು ತೆರೆಯಿತು, ಒಳಗಿನ ಕೆಂಪು ಕಂಡಿತು, ಮುಚ್ಚಿತು, ಈಗ ಎಂದು ಕೇಳಿದ, ಹೂಂ ಭಾವ, ತೆರೆಯಿತು, ಒಳಗಿನ ಕೆಂಪು, ಮುಚ್ಚಿತು, ತೆರೆಯಿತು