ದೊಡ್ಡ ಹೋಟೆಲಿನ ಮುಂಬಾಗಿಲು

ಅತ್ತೆ ಕಡಲತೀರದ ದೊಡ್ಡ ಹೋಟೆಲಿನಲ್ಲಿ ಇಪ್ಪತ್ತಾರು ವರ್ಷ ಬಟ್ಟೆ ಒಗೆದವರು. ಸೊಸೆ ಅದೇ ಹೋಟೆಲನ್ನು ವಾರಕ್ಕೆ ಆರು ದಿನ ಪ್ರವಾಸಿಗಳಿಗೆ ತೋರಿಸುವ ಬಸ್ಸಿನ ಗೈಡ್. ಒಂಬತ್ತು ವರ್ಷ ಒಂದೇ ಮನೆಯಲ್ಲಿದ್ದರೂ ಇಬ್ಬರೂ ಆ ಹೋಟೆಲಿನ ಬಗ್ಗೆ ಮಾತಾಡಿದ್ದು ಕಡಿಮೆ. ಅತ್ತೆಗೆ ಅದು ನೆಲಮಾಳಿಗೆ, ಹಬೆ, ಒದ್ದೆ ನೆಲ. ಸೊಸೆಗೆ ಅದು ನಾಲ್ಕನೆಯ ನಿಲುಗಡೆ.

ನಿವೃತ್ತರಾಗಿ ಎರಡು ತಿಂಗಳಾಗುವಷ್ಟರಲ್ಲಿ ಅತ್ತೆಗೆ ಮನೆಯಲ್ಲಿ ಕೂತು ಕೂತು ಸಾಕಾಯಿತು. ಒಗೆದದ್ದನ್ನೇ ಮತ್ತೆ ಒಗೆದರು. ಕಿಟಕಿಯ ಪರದೆಗಳು ಮೂರನೆಯ ಸಲ ನೀರಿಗೆ ಬಿದ್ದ ದಿನ ಮಗ ಹೆಂಡತಿಗೆ ಮೆಲ್ಲಗೆ, "ಅಮ್ಮನ್ನ ಒಂದಿನ ನಿನ್ನ ಬಸ್ಸಲ್ಲಿ ಕರ್ಕೊಂಡ್ ಹೋಗು. ಇಲ್ದಿದ್ರೆ ನಾಳೆ ನನ್ನನ್ನೂ ನೆನೆಸಿಡ್ತಾರೆ," ಎಂದ.

ಬುಧವಾರ ಜನ ಕಡಿಮೆ. ಸೊಸೆ ಬಸ್ಸಿನ ಮಾಲೀಕರನ್ನು ಕೇಳಿ ಹಿಂದಿನ ಸಾಲಿನಲ್ಲಿ ಒಂದು ಸೀಟು ಹಿಡಿದಳು. ಅತ್ತೆ ಮದುವೆಗೆ ಹೊರಟವರಂತೆ ಸಿದ್ಧರಾಗಿ ಬಂದು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತರು. ಅವರನ್ನು ಬಿಟ್ಟು ಹದಿನೇಳು ಪ್ರಯಾಣಿಕರು, ಐದಾರು ದೇಶದವರು. ಬಂದರು, ದೀಪಸ್ತಂಭ, ಸಿರಿವಂತರ ವಿಹಾರನೌಕೆಗಳ ಸಾಲು ಎಲ್ಲವನ್ನೂ ಸೊಸೆ ಮೂರು ಭಾಷೆಗಳಲ್ಲಿ ಪಟಪಟನೆ ವಿವರಿಸಿದಳು. ಅತ್ತೆ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಹೋಟೆಲು ಕಂಡಾಗ ಸೊಸೆ ಮೈಕಿನಲ್ಲಿ, "ಒಟ್ಟು ಮುನ್ನೂರು ಕೋಣೆಗಳು," ಎಂದಳು.

"ಇನ್ನೂರ ಎಂಬತ್ತೆಂಟು," ಎಂದರು ಅತ್ತೆ ಹಿಂದಿನಿಂದ. "ಚಾದರ ಎಣಿಸಿದವಳು ನಾನು."

ಬಿಳಿಗೂದಲಿನ ಪ್ರವಾಸಿ ಹೆಂಗಸೊಬ್ಬರು ಅವರೇನಂದರೆಂದು ಕೇಳಿದರು. ಸೊಸೆ ಮುಖ ಕೆಂಪಾಗಿಸಿಕೊಂಡೇ ಅನುವಾದಿಸಿದಳು. ಆಕೆ ಎದ್ದು ಹೋಗಿ ಅತ್ತೆಯ ಪಕ್ಕ ಕೂತು, ತಮ್ಮ ದೇಶದ ಹೆಸರು ಹೇಳಿದರು. ಅತ್ತೆ ಆಕೆಯದೇ ಭಾಷೆಯಲ್ಲಿ, "ಬಿಸಿ. ಹುಷಾರು. ಆ ತುದಿ ಹಿಡಿ. ಮಡಿಸು," ಎಂದರು. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ನೆಲಮಾಳಿಗೆಯಲ್ಲಿ ಏಳು ದೇಶದ ಹೆಂಗಸರು ಒಟ್ಟಿಗೆ ಕೆಲಸ ಮಾಡುತ್ತಿದ್ದರಂತೆ. ಒಂದು ಚಾದರವನ್ನು ಇಬ್ಬರು ಮಡಿಸಲು ಒಬ್ಬೊಬ್ಬರ ಭಾಷೆಯಲ್ಲೂ ಅಷ್ಟು ಮಾತು ಸಾಕಾಗಿತ್ತು. ಸೊಸೆಗೆ ಇದೆಲ್ಲ ಹೊಸ ಸುದ್ದಿ. ತಾನು ಕಾಲೇಜಿನಲ್ಲಿ ಬೆವರು ಸುರಿಸಿ ಕಲಿತದ್ದು ಮೂರೇ ಭಾಷೆ ಎಂದು ಒಂದು ಕ್ಷಣ ಹೊಟ್ಟೆಕಿಚ್ಚೂ ಆಯಿತು.

ಹೋಟೆಲಿನ ಹಜಾರವನ್ನು ಹತ್ತು ನಿಮಿಷ ನೋಡಲು ಅವಕಾಶವಿತ್ತು. ಎಲ್ಲರೂ ಇಳಿದರು. ಅತ್ತೆ ಅಲ್ಲಾಡಲಿಲ್ಲ.

"ಬನ್ನಿ ಅತ್ತೆ."

"ನೀನು ಹೋಗ್ಬಾ. ನಾನು ಬಸ್ ನೋಡ್ಕೋತೀನಿ."

"ಬಸ್ ನೋಡ್ಕೊಳ್ಳೋಕೆ ಡ್ರೈವರ್ ಇದಾರೆ."

"ಮುಂಬಾಗಿಲಿಂದ ನಮ್ಮೋರನ್ನ ಬಿಡಲ್ಲ ಕಣೇ. ಹಿಂಗೇ ಹೋದೋಳೊಬ್ಬಳನ್ನ ಮೂರು ದಿನ ಸಂಬಳ ಇಲ್ದೆ ಮನೇಲಿ ಕೂರಿಸಿದ್ರು."

"ಈಗ ನೀವಲ್ಲಿ ಕೆಲಸದೋರಲ್ಲ, ನನ್ನ ಪ್ರಯಾಣಿಕರು. ಇಳಿಸಿ ಹತ್ತಿಸೋ ಜವಾಬ್ದಾರಿ ನನ್ನದು."

ಅತ್ತೆ ಕೈಚೀಲ ಎತ್ತಿಕೊಂಡು ಎದ್ದರು.

ಬಾಗಿಲಲ್ಲಿ ಹೊಳೆಯುವ ಗುಂಡಿಗಳ ಕೋಟು ತೊಟ್ಟ ಕಾವಲುಗಾರ ನಿಂತಿದ್ದ. ಹಿತ್ತಲ ಮೆಟ್ಟಿಲ ಮೇಲೆ ಅತ್ತೆಯ ಜೊತೆ ಹನ್ನೆರಡು ವರ್ಷ ಊಟ ಹಂಚಿಕೊಂಡವನು. ಮುಖದ ಒಂದು ಗೆರೆಯೂ ಅಲುಗದಂತೆ ಸೆಲ್ಯೂಟ್ ಹೊಡೆದು, "ದಯಮಾಡಿಸಿ ಮೇಡಂ," ಎಂದು ಬಾಗಿಲು ತೆರೆದ.

"ಕಾಲರ್ ಮಾಸಿದೆ," ಎಂದರು ಅತ್ತೆ ಮೆಲ್ಲಗೆ.

"ನೀವು ಬಿಟ್ಟ ಮೇಲೆ ಹಿಂಗೇ ಅಕ್ಕಾ," ಎಂದ ಅವನು, ಮುಂದೆ ನೋಡುತ್ತಲೇ.

ಒಳಗೆ ಎಲ್ಲರೂ ತಲೆಯೆತ್ತಿ ತೂಗುದೀಪಗಳನ್ನು ನೋಡುತ್ತಿದ್ದರು. ಅತ್ತೆ ನೇರ ಎದುರಿನ ಗಾಜಿನ ಗೋಡೆಯ ಬಳಿ ಹೋದರು. ಅದರಾಚೆ ಸಮುದ್ರ. ಹೋಟೆಲಿನಿಂದ ಸಮುದ್ರ ಕಾಣುತ್ತದೆ ಎಂದು ಅವರಿಗೆ ಗೊತ್ತಿತ್ತು, ಅಲ್ಲಿಂದ ನೋಡಿರಲಿಲ್ಲ. ಅಲ್ಲಿದ್ದ ಸೋಫಾದ ತುದಿಯಲ್ಲಿ ಕೂತರು. ನಂತರ ಹಿಂದಕ್ಕೆ ಒರಗಿದರು.

ಹತ್ತು ನಿಮಿಷ ಇಪ್ಪತ್ತೈದಾಯಿತು. ಸೊಸೆ ಅವರಿಗೆ ಹೊರಡಿ ಎನ್ನಲಿಲ್ಲ. ಇದರಿಂದ ಕೊನೆಯ ನಿಲುಗಡೆ ತಪ್ಪಿ, ಇಬ್ಬರು ಪ್ರಯಾಣಿಕರು ದೂರು ಕೊಟ್ಟರು. ಇನ್ನು ಮನೆಯವರನ್ನು ಬಸ್ಸಿಗೆ ಹತ್ತಿಸಕೂಡದೆಂದು ಮಾಲೀಕರು ಖಡಾಖಂಡಿತವಾಗಿ ಹೇಳಿದರು.

ಸಂಜೆ ಸೊಸೆ ಇದನ್ನು ಹಿಂಜರಿಯುತ್ತಲೇ ತಿಳಿಸಿದಳು.

"ಬಿಡೇ," ಎಂದರು ಅತ್ತೆ. "ನಿನ್ನ ಬಸ್ಸಲ್ಲಿ ಬರೀ ಅವಸರ. ಸೋಮವಾರ ನಾನೂ ಪಕ್ಕದ್ಮನೆಯೋರೂ ದೋಣಿ ಹತ್ತೋದು ಅಂತ ಮಾತಾಡಿದೀವಿ. ನಿಂಗೂ ರಜಾ ಅಲ್ವಾ, ಬಾ."

ಮೂವರೂ ಹೋದರು. ಸೊಸೆ ದಾರಿಯುದ್ದಕ್ಕೂ ಏನನ್ನೂ ವಿವರಿಸಲಿಲ್ಲ.