ಜ್ಞಾಪಕಾರ್ಥದ ಕೊಳದಪ್ಪಲೆ

ಮೊಬೈಲ್ ಟಾರ್ಚ್ ಹಾಕಿಕೊಂಡು ಅಡುಗೆಯ ದೊಡ್ಡ ಕೊಳದಪ್ಪಲೆಯೊಳಗೆ ತಲೆ ತೂರಿಸಿದ್ದ ಸೊಸೆಯನ್ನು ಕಂಡು ಬಸವಮ್ಮ ನಕ್ಕಳು. "ಅದ್ರೊಳ್ಗ ಏನ್ ಉಡುಕ್ತಿದ್ದೀಯವ್ವ?"

ಭವ್ಯಶ್ರೀಗೆ ನಗು ಬರಲಿಲ್ಲ. ಬಂಡಳ್ಳಿಯ ಆರೋಗ್ಯ ಕಾರ್ಯಕರ್ತೆಯಾಗಿ ವಾರವಾರ ಹನೂರಿಗೆ ವಾಂತಿಭೇದಿಯ ವರದಿ ಕಳಿಸುವವಳು ಅವಳು. ಹೆಚ್ಚಿನ ವಾರ ಸೊನ್ನೆಯೇ. ಈ ನಾಲ್ಕು ತಿಂಗಳಲ್ಲಿ ಮಾತ್ರ ಮೂರು ಸಲ ಸೊನ್ನೆ ತಪ್ಪಿತ್ತು. ಒಂದು ಗೃಹಪ್ರವೇಶದಲ್ಲಿ ಐವರು, ನಾಮಕರಣದಲ್ಲಿ ಒಂಬತ್ತು ಜನ, ಮೊನ್ನೆ ಶಿವನಂಜಯ್ಯನ ಮಗಳ ನಿಶ್ಚಿತಾರ್ಥದಲ್ಲಿ ಹದಿನಾಲ್ಕು. ಉಂಡು ಕೈ ತೊಳೆಯುವಷ್ಟರಲ್ಲೇ ವಾಂತಿ. ಅಡುಗೆಯವರು ಬೇರೆ, ನೀರು ಬೇರೆ. ಮೂರೂ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದಾಗ ಎಲ್ಲರ ಎಲೆಯಲ್ಲೂ ಇದ್ದದ್ದು ಮಜ್ಜಿಗೆಹುಳಿ. ಮೂರು ಸಲವೂ ಅದು ಬೆಂದದ್ದು ತಮ್ಮ ಮನೆಯ ಈ ಹಿತ್ತಾಳೆ ಪಾತ್ರೆಯಲ್ಲಿ.

ಮಾವ ತೀರಿಕೊಂಡ ಮೇಲೆ ಊರಿನವರ ಕಾರ್ಯಗಳಿಗಿರಲಿ ಎಂದು ಅತ್ತೆ ಕೊಂಡದ್ದು. ಕಂಠದಲ್ಲಿ 'ಪುಟ್ಟಮಲ್ಲಪ್ಪನವರ ಜ್ಞಾಪಕಾರ್ಥ' ಎಂದು ಕೆತ್ತಿಸಿದ್ದಳು. ಯಾರಾದರೂ ಕೇಳಿಕೊಂಡು ಬಂದರೆ ಸಾಕು, ಅವಳ ಮುಖ ಅರಳುತ್ತಿತ್ತು. ಆ ಮುಖದೆದುರು ಬಾಯಿ ತೆರೆಯಲು ಭವ್ಯಶ್ರೀಗೆ ಸಂಕಟವಾಯಿತು. ಆದರೆ ಸೋಮವಾರ ಪ್ರಭುಸ್ವಾಮಿ ಮನೆ ಮದುವೆ, ಮುನ್ನೂರು ಎಲೆ; ಅಲ್ಲಿಗೂ ಇದೇ ಪಾತ್ರೆ.

"ಅತ್ತೆ, ಇದ್ಕೆ ಕಲಾಯಿ ಆಕ್ಸಿ ಎಷ್ಟ್ ವರ್ಷ ಆಯ್ತು?"

"ಕೊಳ್ಳೇಗಾಲ್ದಲ್ಲಿ ತಕಂಡಾಗ ಆಕ್ಕೊಟ್ಟಿದ್ರು. ಆಮ್ಯಾಕೆ ಕಲಾಯಿಯವ್ರು ಊರ್ಗೇ ಬರ್ನಿಲ್ವಲ್ಲ. ಯಾಕವ್ವ, ಒಳ್ಗ ನೋಡು, ಚಿನ್ನ ಇದ್ದಂಗದೆ. ಪ್ರತಿ ಸಲ ಉಣ್ಸೆಹಣ್ಣು ಆಕಿ ನಾನೇ ತಿಕ್ಕೋದು. ಯಾರ ಕೈಗೂ ಕೊಡಾಕಿಲ್ಲ."

ತವರದ ಕಲಾಯಿಯಿದ್ದಿದ್ದರೆ ಒಳಗೆಲ್ಲ ಬೆಳ್ಳಗಿರಬೇಕಿತ್ತು. ತಳದವರೆಗೂ ಹಳದಿ ಫಳಫಳ ಎನ್ನುತ್ತಿತ್ತು.

"ತಿಕ್ಕಿ ತಿಕ್ಕಿ ಕಲಾಯೆಲ್ಲ ಓಗ್ಬುಟ್ಟದೆ ಅತ್ತೆ. ಬರೀ ಹಿತ್ತಾಳೇಲಿ ಉಳಿ ಮಾಡುದ್ರೆ ಕಿಲುಬು ಬುಡ್ತದೆ. ಮೂರ್ ಮನೇಲೂ ಅದೇ ಆಗಿರೋದು ಅನ್ಸ್ತದೆ."

ಬಸವಮ್ಮ ಜಗಲಿಯ ಮೇಲೆ ಕುಳಿತಳು. "ನಾಮಕರಣ್ದಲ್ಲಿ ಮಕ್ಕಳೂ ವಾಂತಿ ಮಾಡ್ಕಂಡ್ವಾ?"

"ಎರಡು. ಈಗ ಚೆಂದಾಗವೆ."

"ಬರ್ದು ಕಳ್ಸು. ಪಾತ್ರೆ ಅಂತ ಬರಿ. ಅದ್ರ ಮ್ಯಾಲಿರೋ ನಿಮ್ ಮಾವ್ನೋರ ಹೆಸ್ರು ಮಾತ್ರ ಬ್ಯಾಡ. ಪ್ರಭುಸ್ವಾಮಿಗ ನಾನೇ ಯೋಳ್ತೀನಿ."

ವರದಿಯಲ್ಲಿ 'ಮೂಲ' ಎಂಬ ಜಾಗದಲ್ಲಿ ಭವ್ಯಶ್ರೀ 'ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆ, ಅನುಮಾನ' ಎಂದು ಬರೆದಳು. ಮದುವೆಗೆ ಕೊಡುವ ಮುಂಚೆ ಪಾತ್ರೆ ತಿಕ್ಕಲೆಂದು ಬಟ್ಟಲಲ್ಲಿ ನೆನೆಹಾಕಿದ್ದ ಹುಣಸೆಯನ್ನು ಬಸವಮ್ಮ ಎತ್ತಿಕೊಂಡು ಹೋಗಿ ಕರಿಬೇವಿನ ಬುಡಕ್ಕೆ ಸುರಿದಳು. ಬಂದು, ಸೆರಗಿನ ತುದಿಯಿಂದ ಕಂಠದ ಅಕ್ಷರಗಳನ್ನಷ್ಟೇ ಒಂದೊಂದಾಗಿ ಒರೆಸಿದಳು. ಒಳಗೆ ಕೈ ಹಾಕಲಿಲ್ಲ.